ಹ್ಯಾಂಡಲ್ ತಿರುಗಿಸುವ ಮುಂಚೆ

ಕಳೆದ ವರ್ಷ ಜೂನ್ ತಿಂಗಳಲ್ಲಿ ಊರಿಗೆ ಹೋದಾಗ ಅಂಗಳದಲ್ಲಿ ನಡೆದ ಒಂದು ಸಂಗತಿ ನನ್ನ ಮನಸ್ಸನ್ನು ಇನ್ನೂ ಕೊರೆಯುತ್ತಲೇ ಇದೆ. ತಂಗಿಯ ಮಗಳಿಗೆ ಆಗಷ್ಟೇ ಐದು ತುಂಬಿತ್ತು. ಬೆಂಗಳೂರಿನ ಅವರ ಮನೆಯಲ್ಲಿ ಒಂದು ಬುಟ್ಟಿಯ ತುಂಬ ಆಟದ ಗಾಡಿಗಳಿವೆ. ಜೆಸಿಬಿಯ ಮುಂದಿನ ಬಕೆಟ್ಟು ಮಣ್ಣನ್ನು ತಳ್ಳಿ ಎತ್ತುವುದಕ್ಕೆ, ಹಿಂದಿನದು ಅಗೆಯುವುದಕ್ಕೆ ಎಂಬುದು ಅವಳಿಗೆ ಗೊತ್ತು. ಕಾಂಕ್ರೀಟ್ ಲಾರಿಯ ಡ್ರಮ್ಮು ದಾರಿಯುದ್ದಕ್ಕೂ ತಿರುಗುತ್ತಿರದಿದ್ದರೆ ಒಳಗಿನದು ಗಟ್ಟಿಯಾಗುತ್ತದೆ ಎಂಬುದು ಗೊತ್ತು. ವಿಮಾನ ಮೇಲೇರಿದ ಕೂಡಲೇ ಚಕ್ರಗಳನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ ಎಂಬುದೂ ಗೊತ್ತು. ಎಲ್ಲವೂ ಫೋನಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಆ ಬೆಳಿಗ್ಗೆ ಅಣ್ಣ ಗದ್ದೆ ಹೂಡುವುದಕ್ಕೆಂದು ಟಿಲ್ಲರನ್ನು ಕೊಟ್ಟಿಗೆಯಿಂದ ತಳ್ಳಿಕೊಂಡು ಬಂದು ಅಂಗಳದ ಅಂಚಿಗೆ ನಿಲ್ಲಿಸಿ, ರಬ್ಬರಿನ ಚಕ್ರ ಬಿಚ್ಚಿ ಕೆಸರಿಗೆ ಹಾಕುವ ಕಬ್ಬಿಣದ ಕೇಜ್‌ವೀಲ್ ಹಾಕಿ ಮುಗಿಸಿದ್ದ. ಪುಟ್ಟಿ "ಮಾವ, ಟಿಲ್ಲರ್!" ಎಂದು ಕೂಗುತ್ತ ಓಡಿಹೋಗಿ ಅದರ ಪಕ್ಕದಲ್ಲೇ ನಿಂತಳು. ಅವಳು ಆ ಬದಿಯಲ್ಲಿರುವುದು ಅಣ್ಣನ ಗಮನಕ್ಕೆ ಬರಲಿಲ್ಲ. ಅವನು ಹ್ಯಾಂಡಲ್ ಸಿಕ್ಕಿಸಿ ನಾಲ್ಕು ಸುತ್ತು ಜೋರಾಗಿ ತಿರುಗಿಸಿದ. ಎಂಜಿನ್ನು ಕರಿಹೊಗೆ ಉಗುಳಿ ಧಡ ಧಡ ಎಂದು ಸ್ಟಾರ್ಟ್ ಆಯಿತು.

ಮಗು ಓಡಲಿಲ್ಲ, ಅಳಲೂ ಇಲ್ಲ. ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು, ಬಾಯಿ ತೆರೆದು, ಉಸಿರು ಬಿಡಲಾಗದೆ ನಿಂತುಬಿಟ್ಟಳು. ಆ ಕ್ಷಣ ನಾನು ಮಾಡಿದ್ದೇ ಇಂದಿಗೂ ಕಾಡುತ್ತಿರುವುದು. ಓಡಿಹೋಗಿ ಅವಳನ್ನು ಎತ್ತಿಕೊಂಡವಳು ದೂರ ಕರೆದುಕೊಂಡು ಹೋಗಲಿಲ್ಲ. "ಹೆದರಬೇಡ ಪುಟ್ಟಿ, ಏನೂ ಮಾಡಲ್ಲ ಅದು, ನೋಡು" ಎನ್ನುತ್ತ ಅವಳ ಕೈ ಹಿಡಿದು, ನಡುಗುತ್ತಿದ್ದ ಟಿಲ್ಲರಿನ ಹಿಡಿಕೆಯ ಮೇಲೆ ಇಟ್ಟೆ. ಧೈರ್ಯ ತುಂಬುತ್ತಿದ್ದೇನೆ ಎಂದೇ ಆಗ ನಂಬಿದ್ದೆ. ಅವಳು ಕೈ ಕಿತ್ತುಕೊಂಡು, ನನ್ನ ತೋಳಿನಿಂದ ಜಾರಿ ಇಳಿದು, ಜಗಲಿ ದಾಟಿ ಒಳಗೆ ಹೋಗಿ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದಳು. ಮುಂದಿನ ಎರಡು ದಿನ ಅಂಗಳಕ್ಕೆ ಬರಲಿಲ್ಲ. ಮೂರನೆಯ ದಿನ ಬಂದರೂ ಟಿಲ್ಲರ್ ಗದ್ದೆಯಲ್ಲಿದೆ ಎಂದು ಮಾವನ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಂಡು ಬಂದಳು.

ಯಂತ್ರದ ಬಗ್ಗೆ ಅಷ್ಟು ತಿಳಿದ ಮಗು ಇಷ್ಟು ಹೆದರಿದ್ದೇಕೆ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಂಡರು. ನನಗೆ ಮಾತ್ರ ಅವಳ ಹೆದರಿಕೆ ಸರಿಯಾಗಿಯೇ ಇತ್ತು ಎಂದು ನಿಧಾನವಾಗಿ ಅನ್ನಿಸತೊಡಗಿತು. ಫೋನಿನಲ್ಲಿ ಅವಳು ಕಂಡ ಟಿಲ್ಲರಿಗೆ ಬಿಸಿಯಿರಲಿಲ್ಲ, ಡೀಸೆಲ್ ವಾಸನೆಯಿರಲಿಲ್ಲ, ಕಾಲಿನಡಿಯ ನೆಲವನ್ನು ಅದು ನಡುಗಿಸಿರಲಿಲ್ಲ, ಅದರ ಸದ್ದನ್ನು ಬೆರಳಿನಿಂದ ತಗ್ಗಿಸಬಹುದಿತ್ತು. ಹೆಸರು ಮೊದಲೇ ಗೊತ್ತಿದ್ದ ವಸ್ತುವಿನ ಮೈ ಅವಳ ಎದುರಿಗೆ ಬಂದದ್ದು ಅಂದೇ. ಬರುವಾಗ ಯಾರೂ ಅವಳಿಗೆ ಹೇಳಿರಲಿಲ್ಲ.

ಅಜ್ಜನ ಅಡಿಕೆ ಮರ

ನನಗೆ ಹೇಳಿದವರೊಬ್ಬರಿದ್ದರು. ನಮ್ಮ ತೋಟದ ಕೆಳಗಿನ ಹಳ್ಳದ ದಡದಲ್ಲಿ, ಹುಲ್ಲು ಹೊದಿಸಿದ ಸಣ್ಣ ಮಾಡಿನ ಕೆಳಗೆ, ನೀರೆತ್ತುವ ಕಿರ್ಲೋಸ್ಕರ್ ಎಂಜಿನ್ನೊಂದಿತ್ತು. ಬೇಸಿಗೆ ಬಂತೆಂದರೆ ಅಜ್ಜ ದಿನ ಬಿಟ್ಟು ದಿನ ಅದನ್ನು ಸ್ಟಾರ್ಟ್ ಮಾಡುತ್ತಿದ್ದರು. ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಎಂಜಿನ್ನಿಗೆ ರಜೆ. ಅಜ್ಜ ಹಳೆಯ ಪಂಚೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟು "ಒರೆಸು ಕೂಸೇ" ಎಂದರು. ಮನೆಯ ಬಾಗಿಲಿನಷ್ಟು ತಣ್ಣಗಿದ್ದ ಆ ದೊಡ್ಡ ಗಾಲಿಯನ್ನು, ಎಣ್ಣೆ ಜಿಡ್ಡು ಹಿಡಿದ ಅದರ ಮೈಯನ್ನು, ಕೈ ಎಟುಕುವಷ್ಟು ಎತ್ತರದವರೆಗೆ ಒರೆಸಿದೆ. ನೀರು ಎಲ್ಲಿಂದ ಒಳಗೆ ಬರುತ್ತದೆ, ಡೀಸೆಲ್ ಎಲ್ಲಿ ಹಾಕುತ್ತಾರೆ, ಹೊಗೆ ಯಾವ ಕೊಳವೆಯಿಂದ ಹೋಗುತ್ತದೆ ಎಂದು ಅವರು ತೋರಿಸಿದರು. ಗಾಲಿಯನ್ನು ಕೈಯಿಂದಲೇ ಸ್ವಲ್ಪ ಅತ್ತ ಇತ್ತ ಅಲ್ಲಾಡಿಸಿ, ಇದು ತಿರುಗಿದರೆ ಬೆಲ್ಟು ತಿರುಗುತ್ತದೆ, ಬೆಲ್ಟು ತಿರುಗಿದರೆ ಪಂಪು ತಿರುಗುತ್ತದೆ ಎಂದರು. ಅಂದು ಸದ್ದೇ ಇರಲಿಲ್ಲ. ಹಳ್ಳದ ನೀರಿನ ಸದ್ದು ಮಾತ್ರ.

ಎರಡನೆಯ ಸಲ ಹೋದಾಗ ಅಜ್ಜ ಒಂದು ಅಡಿಕೆ ಮರ ತೋರಿಸಿ, ಎಂಜಿನ್ನು ಓಡುತ್ತಿರುವಾಗ ಆ ಮರ ದಾಟಿ ಮುಂದೆ ಬರಬಾರದು ಎಂದು ಕಟ್ಟಪ್ಪಣೆ ಮಾಡಿದರು. ಪಕ್ಕದೂರಿನಲ್ಲಿ ಒಬ್ಬರ ಪಂಚೆಯ ತುದಿ ಬೆಲ್ಟಿಗೆ ಸಿಕ್ಕಿ ಕಾಲು ಮುರಿದ ಕತೆಯನ್ನೂ ಮುಚ್ಚಿಡದೆ ಹೇಳಿದರು. ನಾನು ಮರ ಹಿಡಿದು ನಿಂತ ಮೇಲೆ "ತಿರುಗಿಸ್ತೀನಿ" ಎಂದು ಕೂಗಿ, ಎಡಗೈಯಲ್ಲಿ ಲಿವರ್ ಎತ್ತಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ ವೇಗ ಹೆಚ್ಚಿಸಿ, ಇದ್ದಕ್ಕಿದ್ದಂತೆ ಲಿವರ್ ಬಿಟ್ಟರು. ಲಿವರ್ ಎತ್ತಿದ್ದಷ್ಟು ಹೊತ್ತು ಸಿಲಿಂಡರಿನ ಗಾಳಿಗೆ ಹೊರಹೋಗುವ ದಾರಿಯಿರುತ್ತದೆ, ಆದ್ದರಿಂದ ಗಾಲಿ ಹಗುರವಾಗಿ ತಿರುಗುತ್ತದೆ. ಬಿಟ್ಟ ಕೂಡಲೇ ಗಾಳಿ ಸಿಕ್ಕಿಹಾಕಿಕೊಂಡು, ಅದುಮಿ ಬಿಸಿಯಾಗಿ, ಮೇಲೆ ಬಿದ್ದ ಡೀಸೆಲ್ ಹೊತ್ತಿಕೊಳ್ಳುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಂದು ತಿಳಿದದ್ದು ಇಷ್ಟೇ: ಅಜ್ಜ ಕೂಗುತ್ತಾರೆ, ಆಮೇಲೆ ಸದ್ದು ಬರುತ್ತದೆ. ಸದ್ದು ಬಂದಾಗ ಎದೆ ಝಲ್ಲೆಂದಿತು. ಆದರೆ ಮರ ನನ್ನ ಕೈಯಲ್ಲಿತ್ತು, ಮರದ ತೊಗಟೆಗೂ ಅದೇ ನಡುಕ ಬರುತ್ತಿತ್ತು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿ ಸದ್ದು ಕೇಳಿಯೇ ಡೀಸೆಲ್ ಮುಗಿಯುತ್ತ ಬಂದದ್ದನ್ನು ಹೇಳುತ್ತಿದ್ದೆ.

ಅಜ್ಜ ಇದನ್ನೆಲ್ಲ ಯೋಚಿಸಿ ಯೋಜಿಸಿ ಮಾಡಿದರೆಂದು ನಾನು ಹೇಳಲಾರೆ. ಹೊಸ ಎತ್ತನ್ನು ಗಾಡಿಗೆ ಪಳಗಿಸುವಾಗ ಮೊದಲು ನೊಗವನ್ನು ಮೂಸಲು ಬಿಡುತ್ತಿದ್ದರಂತೆ. ಯಂತ್ರದ ಮುಂದೆ ಮಗುವನ್ನು ನಿಲ್ಲಿಸುವಾಗಲೂ ಅದೇ ರೂಢಿ ಕೈಗೆ ಬಂದಿರಬೇಕು.

ಬಾಯಲ್ಲೇ ಓಡುವ ಗಾಡಿ

ಹಳೆಯ ಕಾಲದವರು ಎಲ್ಲವನ್ನೂ ಚೆನ್ನಾಗಿ ಮಾಡುತ್ತಿದ್ದರು ಎಂದು ನಾನು ಹೇಳಹೊರಟಿಲ್ಲ. ನನ್ನ ಚಿಕ್ಕಪ್ಪನ ಹತ್ತಿರ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ ಬೈಕೇ ಮುಂದೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂದದ್ದು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿದ್ದ ಆ ಗಾಡಿಯ ಚಂದವನ್ನು ಕಂಡವರು ಮರೆಯುವುದಿಲ್ಲ. ಚಿಕ್ಕಪ್ಪ ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದರು. ತೊಡೆಯ ಕೆಳಗೆ ಗುನುಗುವ ಟ್ಯಾಂಕು, ಮುಚ್ಚಳದ ಸಂದಿನಿಂದ ಬರುವ ಎಣ್ಣೆ ಬೆರೆತ ಪೆಟ್ರೋಲಿನ ಘಾಟು, ಮುಖಕ್ಕೆ ಹೊಡೆಯುವ ಗಾಳಿ, ಇವೆಲ್ಲ ನನಗೆ ಇಂದಿಗೂ ಸುಖದ ನೆನಪುಗಳೇ. ಆದರೆ ಯೆಜ್ಡಿಗೆ ಎರಡೂ ಬದಿಗೆ ಸೈಲೆನ್ಸರ್. ಯಾವ ಕಡೆಯಿಂದ ಇಳಿದರೂ ಕಾಲು ತಾಗುವ ಅಪಾಯ. ಒಂದು ಸಂಜೆ ಇಳಿಯುವಾಗ ನನ್ನ ಬಲಗಾಲ ಮೀನಖಂಡ ಸೈಲೆನ್ಸರಿಗೆ ಅಂಟಿ ಚರ್ಮ ಸುಲಿದು ಬಂತು. ಲೋಳೆಸರ ಹಚ್ಚಿ ಹಚ್ಚಿ ಗಾಯ ಮಾಗಲು ತಿಂಗಳು ಹಿಡಿಯಿತು. ಎಲೆಯ ಆಕಾರದ ಆ ಕಲೆ ಈಗಲೂ ಇದೆ. ನನ್ನ ವಾರಗೆಯ ಎಷ್ಟೋ ಜನರ ಕಾಲಿನಲ್ಲಿ ಅಂಥದೇ ಕಲೆ ಕಂಡಿದ್ದೇನೆ. ಒಂದು ತಲೆಮಾರಿನ ಮಕ್ಕಳಿಗೆ ಬೈಕು ತನ್ನ ಪರಿಚಯ ಮಾಡಿಕೊಟ್ಟದ್ದು ಹೀಗೆ ಸುಟ್ಟೇ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ಪಟ್ಟಿ ಕಟ್ಟಬೇಕು, ಹೆಲ್ಮೆಟ್ ಹಾಕಬೇಕು, ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿದಾಗ, ತಡವಾಯಿತು ಎಂದೇ ನನಗೆ ಅನ್ನಿಸಿತು.

ಆ ಕಾಲದಲ್ಲಿ ಮಕ್ಕಳಿಗೆ ಇದ್ದ ನಿಜವಾದ ಅನುಕೂಲ ಬೇರೆ. ಯಂತ್ರವನ್ನು ಕಂಡದ್ದಕ್ಕೂ ಅದರ ಮೇಲೆ ಕೂತದ್ದಕ್ಕೂ ನಡುವೆ ಬೇಕಾದಷ್ಟು ದಿನಗಳಿರುತ್ತಿದ್ದವು, ಆ ದಿನಗಳಲ್ಲಿ ಮಕ್ಕಳು ತಾವೇ ಯಂತ್ರವಾಗುತ್ತಿದ್ದರು. ನಮ್ಮೂರಿಗೆ ರಾತ್ರಿ ಬಂದು ಬೆಳಿಗ್ಗೆ ಆರಕ್ಕೆ ಹೊರಡುವ ಹಾಲ್ಟಿಂಗ್ ಬಸ್ಸೊಂದಿತ್ತು. ಡ್ರೈವರ್ ಪಕ್ಕದಲ್ಲಿ ಎಂಜಿನ್ನಿನ ಬಾನೆಟ್ಟು ಗೂಡಿನಂತೆ ಎದ್ದಿರುತ್ತಿತ್ತು. ಚಳಿಗಾಲದಲ್ಲಿ ಅದರ ಮೇಲೆ ಕೂರಲು ಮಕ್ಕಳಲ್ಲಿ ಪೈಪೋಟಿ, ಬೇಸಿಗೆಯಲ್ಲಿ ಯಾರಿಗೂ ಬೇಡ. ಆ ಬಸ್ಸು ಘಟ್ಟ ಹತ್ತುವಾಗ ಗೇರ್ ಇಳಿಸುವ ಸದ್ದನ್ನು ನನ್ನ ಅಣ್ಣ ಹಾಸಿಗೆಯಲ್ಲಿ ಮಲಗಿಯೇ ಬಾಯಲ್ಲಿ ಹೊರಡಿಸುತ್ತಿದ್ದ. ಹಗಲು ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ಓಡಿಸುವಾಗಲೂ ಅದೇ ಸದ್ದು: ಏರಿನಲ್ಲಿ ದನಿ ತಗ್ಗಿಸಿ ಎಳೆಯುತ್ತಿದ್ದ, ಇಳಿಜಾರಿನಲ್ಲಿ ದನಿ ಸಣ್ಣಗೆ ಮಾಡಿ ಬಿಡುತ್ತಿದ್ದ, ತಿರುವಿಗೆ ಮೊದಲು ತಪ್ಪದೆ ಹಾರ್ನ್. ಅಡಿಕೆಯ ಹಾಳೆಯ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿ ಎಳೆಯುವವನೂ ಬಾಯಲ್ಲಿ ಎಂಜಿನ್ ಓಡಿಸುತ್ತಲೇ ಎಳೆಯುತ್ತಿದ್ದ. ಹವಾಯಿ ಚಪ್ಪಲಿಯಿಂದ ದುಂಡಗೆ ಕತ್ತರಿಸಿದ ಚಕ್ರದ ಗಾಡಿಗೂ ಡ್ರೈವರಿನ ಗಂಟಲೇ ಎಂಜಿನ್. ಹೆದರಿಸುವ ಸದ್ದನ್ನು ಮಗು ತನ್ನ ಬಾಯೊಳಗೆ ತಂದುಕೊಳ್ಳುತ್ತದೆ, ಬೇಕಾದಾಗ ಜೋರು ಮಾಡುತ್ತದೆ, ಬೇಕಾದಾಗ ನಿಲ್ಲಿಸುತ್ತದೆ. ಪುಟ್ಟಿಯ ಬುಟ್ಟಿಯಲ್ಲಿರುವ ಗಾಡಿಗಳಿಗೆ ಗುಂಡಿ ಒತ್ತಿದರೆ ಸದ್ದು ಬರುತ್ತದೆ. ಅವಳು ಅವುಗಳೊಡನೆ ಆಡುವಾಗ ಬಾಯಿ ಮುಚ್ಚಿರುತ್ತದೆ ಎಂಬುದನ್ನು ಊರಿನಿಂದ ಮರಳಿದ ಮೇಲೆ ಗಮನಿಸಿದೆ. ಅಂಗಳದಲ್ಲಿ ಅವಳಿಗೆ ಎದುರಾದ ಸದ್ದು ಹಿಂದೆಂದೂ ಅವಳ ಗಂಟಲಿನಿಂದ ಹೊರಟದ್ದಲ್ಲ.

ಆಕಾಶದ ಕಡೆ

ವಿಮಾನದ ವಿಷಯ ಇನ್ನೂ ಬೇರೆ. ನಮಗೆ ಮೊದಲ ವಿಮಾನ ಸಿಕ್ಕಿದ್ದು ಅಜ್ಜಿಯ ರಾಮಾಯಣದಲ್ಲಿ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗವಿರುತ್ತದೆ, ಮನಸ್ಸಿನಲ್ಲಿ ನೆನೆದ ಕಡೆಗೆ ಅದು ಹೋಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಸದ್ದಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಎರಡನೆಯದು ತೋಟದ ಮೇಲಿನ ಆಕಾಶದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುತ್ತಿದ್ದದ್ದು. ಊರಿನಲ್ಲಿ ಎಲ್ಲರೂ ಅದನ್ನು ರಾಕೆಟ್ ಎನ್ನುತ್ತಿದ್ದರು. ಎಂಜಿನ್ನಿನಿಂದ ಹೊರಬಂದ ನೀರಾವಿ ಮೇಲಿನ ಕಡುಚಳಿಯಲ್ಲಿ ಮಂಜಿನ ಹರಳಾಗಿ ಆ ಗೆರೆ ಮೂಡುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಆದರೆ ಅತ್ತೆಯೊಬ್ಬರು ಒಂದು ಉಪಾಯ ಕಲಿಸಿದ್ದರು: "ಸದ್ದು ಬಂದ ಕಡೆ ನೋಡಬೇಡ, ಅದರ ಮುಂದೆ ನೋಡು." ಹತ್ತು ಕಿಲೋಮೀಟರ್ ಎತ್ತರದಿಂದ ಸದ್ದು ನೆಲ ಮುಟ್ಟಲು ಸುಮಾರು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಜೆಟ್ ವಿಮಾನ 7 ಕಿಲೋಮೀಟರಿನಷ್ಟು ಮುಂದೆ ಹೋಗಿರುತ್ತದೆ. ಅತ್ತೆಗೆ ಈ ಲೆಕ್ಕ ಗೊತ್ತಿರಲಿಲ್ಲ. ಅಡಿಕೆ ಒಣಗಿಸುತ್ತ ಅಂಗಳದಲ್ಲಿ ಕೂತವರ ಕಣ್ಣಿಗೆ ಅದು ಸಿಕ್ಕಿತ್ತು.

ಕೈಗೆಟುಕುವಷ್ಟು ಹತ್ತಿರದಲ್ಲಿ ಹಾರುವ ಯಂತ್ರವೊಂದನ್ನು ನಾನು ನೋಡಿದ್ದು 1989ರ ಚುನಾವಣೆಯ ಕಾಲದಲ್ಲಿ. ಐದನೆಯ ತರಗತಿ. ಪ್ರಚಾರಕ್ಕೆ ಬರುವ ದೊಡ್ಡವರ ಹೆಲಿಕಾಪ್ಟರ್ ನಮ್ಮ ಶಾಲೆಯ ಮೈದಾನದಲ್ಲಿ ಇಳಿಯುತ್ತದೆ ಎಂಬ ಸುದ್ದಿ ಎರಡು ದಿನ ಮೊದಲೇ ಹಬ್ಬಿತ್ತು. ಮೈದಾನದ ನಡುವೆ ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಎಳೆದು ಅದರೊಳಗೆ ಎಚ್ ಅಕ್ಷರ ಬರೆದರು. ಬಿದಿರಿನ ಗಳುವಿಗೆ ಗಾಳಿಯ ದಿಕ್ಕು ತೋರಿಸಲು ಕೆಂಪು ಬಟ್ಟೆ ಕಟ್ಟಿದರು. ಬೆಳಿಗ್ಗೆ ಟ್ಯಾಂಕರಿನಿಂದ ನೀರು ಚಿಮುಕಿಸಿದರು. ಪಿ.ಟಿ. ಮೇಷ್ಟ್ರು ನಮ್ಮನ್ನೆಲ್ಲ ಶಾಲೆಯ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ, ಅದು ಇಳಿಯುವಾಗ ಗಾಳಿ ಹೊಡೆಯುತ್ತದೆ, ಕಣ್ಣು ಮುಚ್ಚಿಕೊಳ್ಳಿ, ಸದ್ದು ನಿಲ್ಲುವವರೆಗೆ ಒಬ್ಬರೂ ಜಗಲಿ ಇಳಿಯಬಾರದು ಎಂದರು. ಎಷ್ಟು ಹೇಳಿದ್ದರೂ ಸಾಲದಾಯಿತು. ಮೊದಲು ಎಲ್ಲಿಂದಲೋ ಬಡಿತದಂಥ ಸದ್ದು, ಆಮೇಲೆ ಮರಗಳ ಮೇಲಿಂದ ಏಕಾಏಕಿ ಅದು ಕಾಣಿಸಿಕೊಂಡದ್ದು, ನೀರು ಹಾಕಿದ್ದರೂ ಎದ್ದ ಧೂಳು, ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದು, ಶಾಲೆಯ ಮಾಡಿನಿಂದ ಎರಡು ಹಂಚು ಜಾರಿ ಬಿದ್ದದ್ದು, ಒಂದನೆಯ ತರಗತಿಯ ಮಕ್ಕಳು ಹೋ ಎಂದು ಅತ್ತದ್ದು. ನಾನು ಜಗಲಿಯ ಕಂಬವನ್ನು ತಬ್ಬಿಕೊಂಡಿದ್ದೆ. ಅದು ಅಜ್ಜನ ಅಡಿಕೆ ಮರದ ಪಾಠ.

ಬಂದವರು ಕಾರು ಹತ್ತಿ ಸಭೆಗೆ ಹೋದರು, ಅವರ ಹಿಂದೆ ಊರೇ ಹೋಯಿತು. ಮೈದಾನದಲ್ಲಿ ಉಳಿದದ್ದು ಹೆಲಿಕಾಪ್ಟರ್, ಅದರ ಪೈಲಟ್, ಇಬ್ಬರು ಪೊಲೀಸರು, ಹಗ್ಗದಾಚೆ ನಾವು ಹತ್ತಿಪ್ಪತ್ತು ಮಕ್ಕಳು. ಆಗ ನಾನು ಕಂಡದ್ದು ನನಗೆ ಅದರ ಹಾರಾಟಕ್ಕಿಂತ ಹೆಚ್ಚಾಗಿ ನೆನಪಿದೆ. ಒಂದು ಕ್ಷಣದ ಹಿಂದೆ ಊರನ್ನೇ ಅಲುಗಾಡಿಸಿದ್ದ ಆ ಮೂರು ರೆಕ್ಕೆಗಳು ನಿಂತ ಮೇಲೆ ಬಾಳೆ ಎಲೆಯಂತೆ ತುದಿ ಬಾಗಿ ಜೋತುಬಿದ್ದಿದ್ದವು. ಅವು ಮುರಿದಿವೆ ಎಂದುಕೊಂಡೆ. ಬಿಳಿ ಅಂಗಿಯ ಪೈಲಟ್ ಹಗ್ಗದ ಹತ್ತಿರ ಬಂದಾಗ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮೇಷ್ಟ್ರು ಹಿಂದಿಯಲ್ಲಿ ನನ್ನ ಪ್ರಶ್ನೆ ತಿಳಿಸಿದರು. ಪೈಲಟ್ ಸುತ್ತ ನೋಡಿ, ಒಬ್ಬ ಹುಡುಗನ ಕುತ್ತಿಗೆಯಲ್ಲಿದ್ದ ಕರವಸ್ತ್ರ ತೆಗೆದುಕೊಂಡು, ಅದರ ಒಂದು ಮೂಲೆ ಹಿಡಿದು ಕೆಳಕ್ಕೆ ಜೋತುಬಿಟ್ಟು ತೋರಿಸಿದರು. ಆಮೇಲೆ ತಲೆಯ ಮೇಲೆ ಗಿರಗಿರ ತಿರುಗಿಸಿದರು. ಕರವಸ್ತ್ರ ಸೆಟೆದು ಅಡ್ಡಕ್ಕೆ ನಿಂತಿತು. ಮಾತೇ ಬೇಕಾಗಲಿಲ್ಲ. ಸಂಜೆ ಅದು ಹೊರಡುವಾಗ ನಾನು ಕಣ್ಣು ಮುಚ್ಚಲಿಲ್ಲ. ಜೋತ ರೆಕ್ಕೆ ಮೊದಲು ನಿಧಾನವಾಗಿ ಸುತ್ತಿ, ವೇಗ ಹೆಚ್ಚಿದಂತೆ ಎದ್ದು ನೇರವಾಗುವುದನ್ನು ಧೂಳಿನ ನಡುವೆಯೂ ಪೂರ್ತಿ ನೋಡಿದೆ.

ಮುಚ್ಚಿದ ಕೈಯಲ್ಲಿದ್ದದ್ದು

ಹಾರುವ ಯಂತ್ರವನ್ನು ಮಕ್ಕಳಿಗೆ ಪರಿಚಯಿಸಿದ ಕತೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ರೈಟ್ ಸಹೋದರರದು. 1878ರಲ್ಲಿ ಅವರ ತಂದೆ, ಪಾದ್ರಿಯಾಗಿದ್ದ ಮಿಲ್ಟನ್ ರೈಟ್, ಊರಿನಿಂದ ಮನೆಗೆ ಬಂದಾಗ ಏನನ್ನೋ ಕೈಯಲ್ಲಿ ಮುಚ್ಚಿಟ್ಟುಕೊಂಡು ಬಂದು, ಅದು ಏನೆಂದು ಮಕ್ಕಳು ನೋಡುವ ಮೊದಲೇ ಮೇಲಕ್ಕೆ ಎಸೆದರು. ಕೆಳಗೆ ಬೀಳಬೇಕಾದದ್ದು ಬೀಳದೆ ಹಾರಿಹೋಗಿ ಮಾಡಿಗೆ ತಾಗಿ, ಸ್ವಲ್ಪ ಹೊತ್ತು ರೆಕ್ಕೆ ಬಡಿದು, ಆಮೇಲೆ ನೆಲಕ್ಕೆ ಬಿತ್ತು. ಬೆಂಡು, ಬಿದಿರು, ಕಾಗದ, ಹುರಿ ಹಾಕಿದ ರಬ್ಬರ್ ಪಟ್ಟಿಯಿಂದ ಮಾಡಿದ, ಫ್ರಾನ್ಸಿನ ಆಲ್ಫೋನ್ಸ್ ಪೆನೊ ರೂಪಿಸಿದ ಮಾದರಿಯ ಪುಟ್ಟ ಹೆಲಿಕಾಪ್ಟರ್ ಅದು. ವಿಲ್ಬರ್‌ಗೆ ಹನ್ನೊಂದು, ಆರ್ವಿಲ್‌ಗೆ ಏಳು ವರ್ಷ. ಅವರು ಅದಕ್ಕೆ ಬಾವಲಿ ಎಂದು ಹೆಸರಿಟ್ಟರು. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ 1903ರ ಡಿಸೆಂಬರ್ 17ಕ್ಕೆ, 12 ಸೆಕೆಂಡಿನಲ್ಲಿ 120 ಅಡಿ ಹಾರಿದ ಆ ದಿನಕ್ಕೆ ಜಿಗಿಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ನಡುವಿನ ಭಾಗ. ಆಟಿಕೆ ಬೇಗ ಹಾಳಾಯಿತು. ಆಮೇಲೆ ಹುಡುಗರು ತಾವೇ ಅಂಥವನ್ನು ಮಾಡತೊಡಗಿದರು, ಒಂದಕ್ಕಿಂತ ಒಂದು ದೊಡ್ಡದು. ಆಶ್ಚರ್ಯವೆಂದರೆ ದೊಡ್ಡದು ಮಾಡಿದಷ್ಟೂ ಅದು ಕಡಿಮೆ ಹಾರುತ್ತಿತ್ತು. ಉದ್ದ ಅಗಲ ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಶಕ್ತಿ ಬೇಕಾಗುತ್ತದೆ ಎಂಬುದು ಆಗ ತಮಗೆ ತಿಳಿದಿರಲಿಲ್ಲ ಎಂದು ದೊಡ್ಡವರಾದ ಮೇಲೆ ಅವರೇ ಬರೆದರು. ಬೇಸತ್ತು ಗಾಳಿಪಟದ ಕಡೆ ತಿರುಗಿದರು.

ಮಿಲ್ಟನ್ ರೈಟ್ ಅಜ್ಜನಂತೆ ಮೊದಲೇ ಹೇಳಲಿಲ್ಲ, ಅಚಾನಕ್ಕಾಗಿ ತೋರಿಸಿದರು. ಆದರೂ ಆ ಮಕ್ಕಳು ಹೆದರಲಿಲ್ಲ. ಯಾಕೆಂದರೆ ಅದು ಮುಷ್ಟಿಯೊಳಗೆ ಹಿಡಿಸುವಷ್ಟಿತ್ತು, ಎತ್ತಿಕೊಂಡು ನೋಡಬಹುದಿತ್ತು, ಮುರಿಯಬಹುದಿತ್ತು. ಅವರ ತಾಯಿ ಸೂಸನ್ ಸ್ವತಃ ಮಕ್ಕಳಿಗೆ ಆಟಿಕೆ ಮಾಡಿಕೊಡುತ್ತಿದ್ದ ಕೈಗೆಲಸದ ಜಾಣೆ. ಮುರಿದರೆ ಬೈಯುವ ಬದಲು ಮತ್ತೊಂದು ಮಾಡುವ ವಾತಾವರಣ ಆ ಮನೆಯಲ್ಲಿತ್ತು. ಪುಟ್ಟಿಯ ಬುಟ್ಟಿಯ ಗಾಡಿಗಳ ಅಡಿಯಲ್ಲಿ ಸಣ್ಣ ತಿರುಪುಗಳಿವೆ, ಅವನ್ನು ಬಿಚ್ಚುವ ಸ್ಕ್ರೂಡ್ರೈವರ್ ಮನೆಯಲ್ಲಿ ಇರಲಿಲ್ಲ. ನಾನು ಒಂದು ತಂದುಕೊಟ್ಟಿದ್ದೇನೆ.

ಆಮೇಲೆ ಒಂದು ಭಾನುವಾರ ಅವಳನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಅದರ ಆವರಣದಲ್ಲಿ ಮಾರುತ್ ಯುದ್ಧವಿಮಾನವೊಂದು ನಿಂತಿದೆ. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರ ನೇತೃತ್ವದಲ್ಲಿ ಇದೇ ಊರಿನ ಎಚ್‌ಎಎಲ್ ರೂಪಿಸಿ, 1961ರ ಜೂನ್ 17ರಂದು ಮೊದಲ ಸಲ ಹಾರಿದ ವಿಮಾನದ ಜಾತಿ ಅದು. ಪುಟ್ಟಿ ಅದರ ಸುತ್ತ ಎರಡು ಸಲ ಬಂದು, "ದೊಡ್ಡಮ್ಮ, ಇದು ಯಾವತ್ತೂ ಸದ್ದು ಮಾಡಲ್ವಾ?" ಎಂದು ಕೇಳಿದಳು. ಮಾಡುವುದಿಲ್ಲ, ಮಾಡುತ್ತಿತ್ತು ಎಂದೆ. ಅವಳ ಮುಖದಲ್ಲಿ ನಿರಾಳವೂ ನಿರಾಸೆಯೂ ಒಟ್ಟಿಗೆ ಬಂದವು. ನಿಂತ ಯಂತ್ರ ಮೊದಲ ದಿನಕ್ಕೆ ಬೇಕು, ಆದರೆ ಅದು ಎಂದೋ ಒಂದು ದಿನ ತಿರುಗಲೂ ಬೇಕು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಬೇಲಿಯಾಚೆ ನಿಂತು ಸಣ್ಣ ವಿಮಾನಗಳು ಏರಿಳಿಯುವುದನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ, ಬಟ್ಟೆ ಹೊದಿಸಿದ ಎರಡು ಸೀಟಿನ ಪುಷ್ಪಕ್ ವಿಮಾನಗಳು ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನಕ್ಕೆ ಹಾರಲು ಕಲಿಸಿದವು. ಅಂಥ ಚಿಕ್ಕ ವಿಮಾನ ನಿಂತದ್ದೂ, ಮುಂದಿನ ಪಂಖ ತಿರುಗತೊಡಗಿದ್ದೂ, ಓಡಿದ್ದೂ, ಎದ್ದದ್ದೂ ಒಂದೇ ನೋಟಕ್ಕೆ ಸಿಗುತ್ತದೆ.

ವಿಮಾನ ಯಾವಾಗ ಬರುತ್ತೆ?

ದೊಡ್ಡ ನಿಲ್ದಾಣಗಳಲ್ಲಿ ಅದು ಸಿಗುವುದಿಲ್ಲ. ಪುಟ್ಟಿಗೆ ಮೂರೂವರೆ ವರ್ಷವಿದ್ದಾಗ ದೇವನಹಳ್ಳಿಯಿಂದ ದೆಹಲಿಗೆ ಮೊದಲ ಪ್ರಯಾಣ. ಗಾಜಿನ ಕಟ್ಟಡದಿಂದ ಕಾರಿಡಾರು, ಕಾರಿಡಾರಿನಿಂದ ಏರೋಬ್ರಿಜ್ಜು, ಅಲ್ಲಿಂದ ಇನ್ನೊಂದು ಉದ್ದನೆಯ ಕೋಣೆ, ಕೋಣೆಯಲ್ಲಿ ಕುರ್ಚಿಗಳು. ಬೆಲ್ಟು ಕಟ್ಟಿ ಕೂರಿಸಿದ ಹತ್ತು ನಿಮಿಷದ ಮೇಲೆ ಅವಳು ಅಮ್ಮನನ್ನು ಕೇಳಿದಳಂತೆ: "ವಿಮಾನ ಯಾವಾಗ ಬರುತ್ತೆ?" ತಾನು ಅದರೊಳಗೇ ಕೂತಿದ್ದೇನೆ ಎಂಬುದನ್ನು ಅವಳಿಗೆ ತಿಳಿಸುವಂಥ ಒಂದು ನೋಟವನ್ನೂ ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಕೋಣೆ ಇದ್ದಕ್ಕಿದ್ದಂತೆ ಗರ್ಜಿಸಿ ಓಡತೊಡಗಿದಾಗ ಅವಳು ಅತ್ತದ್ದನ್ನು ತಂಗಿ ಕಿವಿನೋವು ಎಂದುಕೊಂಡಿದ್ದಳು. ಈಗ ನಾವಿಬ್ಬರೂ ಹಾಗೆ ಅಂದುಕೊಳ್ಳುವುದಿಲ್ಲ.

ಕಳೆದ ದಸರಾ ರಜೆಗೆ ಶಿವಮೊಗ್ಗದವರೆಗೆ ವಿಮಾನದಲ್ಲೇ ಹೋಗೋಣ ಎಂದು ನಾನು ಒತ್ತಾಯಿಸಿದ್ದು ಈ ಕಾರಣಕ್ಕೆ. ಸೋಗಾನೆಯ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಸಂಚಾರ ಆರಂಭವಾಯಿತು. ನಾವು ಹೋದದ್ದು ಎಟಿಆರ್‌ನಲ್ಲಿ, ರೆಕ್ಕೆಗಳಿಗೆ ಪಂಖವಿರುವ ಚಿಕ್ಕ ವಿಮಾನ. ಅದಕ್ಕೆ ಹಿಂಬದಿಯ ಬಾಗಿಲಿನಿಂದ ಮೆಟ್ಟಿಲು ಹತ್ತಬೇಕು, ಹತ್ತುವ ಮೊದಲು ಇಡೀ ವಿಮಾನವನ್ನು ತುದಿಯಿಂದ ತುದಿಗೆ ನೋಡಬಹುದು. ಪುಟ್ಟಿ ಮೆಟ್ಟಿಲ ಬುಡದಲ್ಲಿ ನಿಂತು ಪಂಖದ ಅಲುಗು ಎಣಿಸಿದಳು: ಆರು. ರೆಕ್ಕೆ ಕಿಟಕಿಗಳ ಮೇಲ್ಗಡೆ ಇರುವುದರಿಂದ ಒಳಗೆ ಕೂತ ಮೇಲೂ ಪಂಖ ಕಾಣುತ್ತಿತ್ತು, ಕೆಳಗೆ ಚಕ್ರವೂ ಕಾಣುತ್ತಿತ್ತು. "ಈಗ ಸದ್ದು ಬರುತ್ತೆ, ಮೊದಲು ಸಣ್ಣಗೆ, ಆಮೇಲೆ ಜೋರು" ಎಂದು ನಾನು ಹೇಳಿದೆ. ಎಣಿಸಲು ಬರುತ್ತಿದ್ದ ಅಲುಗುಗಳು ಎಣಿಸಲು ಬಾರದಷ್ಟು ವೇಗವಾಗಿ, ಕೊನೆಗೆ ಬರೀ ಮಸುಕಾದ ಬಿಲ್ಲೆಯಾದವು. ನೆಲ ಬಿಟ್ಟ ಮೇಲೆ ಚಕ್ರ ಮಡಚಿಕೊಂಡು ಒಳಗೆ ಹೋದದ್ದನ್ನು ಅವಳು ಕಂಡಳು. ಗೊತ್ತಿದ್ದ ವಿಷಯವೇ. ಆದರೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು "ಹೋಯ್ತು" ಎಂದಳು.

ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಟಿಲ್ಲರಿಗೆ ಟ್ರೈಲರ್ ಸಿಕ್ಕಿಸಿ ಅಂಗಳದಲ್ಲಿ ನಿಲ್ಲಿಸಿದ್ದರು. ಮೊದಲ ದಿನ ಅವಳು ದೂರದಿಂದ ನೋಡಿದಳು. ಎರಡನೆಯ ದಿನ ಅಣ್ಣ ಒಂದು ಹಳೆಯ ಬಟ್ಟೆ ಕೊಟ್ಟ. ನಾನು ಅವನಿಗೆ ಅಜ್ಜನ ವಿಷಯ ನೆನಪಿಸಿದ್ದೆ. ಒರೆಸಿದಳು. ಸೈಲೆನ್ಸರ್ ತೋರಿಸಿ, ಇದು ಓಡಿದ ಮೇಲೆ ಸುಡುತ್ತದೆ ಎಂದು ನನ್ನ ಕಾಲಿನ ಕಲೆಯನ್ನೂ ತೋರಿಸಿದೆ. ಅದನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಮೂರನೆಯ ದಿನ ತಾನೇ ಜಗಲಿಯ ಕೊನೆಯ ಕಂಬದ ಹಿಂದೆ ಹೋಗಿ ನಿಂತು, ಅಲ್ಲಿಂದ "ಈಗ ತಿರುಗಿಸು ಮಾವ" ಎಂದು ಕೂಗಿದಳು. ಅಣ್ಣ ಅಲ್ಲಿಂದಲೇ "ತಿರುಗಿಸ್ತೀನಿ" ಎಂದು ಕೂಗಿ ತಿರುಗಿಸಿದ. ಅವಳು ಕಿವಿ ಮುಚ್ಚಿಕೊಂಡಳು, ಕಣ್ಣು ಮುಚ್ಚಲಿಲ್ಲ. ಐದು ನಿಮಿಷದ ನಂತರ "ನಿಲ್ಲಿಸು" ಎಂದಳು, ಅವನು ನಿಲ್ಲಿಸಿದ. ಸದ್ದು ಬಿಡಿಬಿಡಿಯಾಗಿ, ಎಂಜಿನ್ನಿನ ಗಾಲಿ ನಿಧಾನವಾಗಿ, ಕೊನೆಯ ಸುತ್ತನ್ನು ಪೂರೈಸಲಾಗದೆ ಅರ್ಧಕ್ಕೇ ತಡೆದು, ಸ್ವಲ್ಪ ಹಿಂದಕ್ಕೆ ಬಂದು ನಿಂತಿತು.

"ಯಾಕೆ ಹಿಂದೆ ಬಂತು?" ಎಂದು ಅವಳು ಕಂಬದ ಹಿಂದಿನಿಂದಲೇ ಕೇಳಿದಳು. ಹತ್ತು ವರ್ಷದಿಂದ ಆ ಟಿಲ್ಲರ್ ಓಡಿಸುತ್ತಿರುವ ಅಣ್ಣನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವನು ಸ್ವಲ್ಪ ಹೊತ್ತು ಎಂಜಿನ್ನನ್ನೇ ನೋಡುತ್ತ ಕೂತ. ಆಮೇಲೆ ಅದು ಸ್ಟಾರ್ಟ್ ಆಗದಂತೆ ಡೀಸೆಲ್ ಬಂದ್ ಮಾಡಿ, ಹ್ಯಾಂಡಲ್ ಸಿಕ್ಕಿಸಿ, "ಬಾ ಪುಟ್ಟಿ, ಹಿಡಿದು ನೋಡು" ಎಂದು ಕರೆದ. ಅವಳು ಬಂದಳು. ಸೈಲೆನ್ಸರಿನ ಬದಿ ಬಿಟ್ಟು ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬಂದಳು. ಅವನ ಕೈಯ ಮೇಲೆ ಅವಳ ಕೈ ಇಟ್ಟುಕೊಂಡು ಅಣ್ಣ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದ. ಒಂದು ಹಂತದವರೆಗೆ ಹಗುರವಾಗಿ ಬಂದದ್ದು, ಒಳಗೆ ಯಾರೋ ಎದುರು ತಳ್ಳಿದಂತೆ ಬಿಗಿಯಾಯಿತು. ಅವನು ಇನ್ನಷ್ಟು ಒತ್ತಿ, ಕೈ ಸಡಿಲಿಸಿದ. ಹ್ಯಾಂಡಲ್ ಇಬ್ಬರ ಕೈಗಳನ್ನೂ ಹೊತ್ತುಕೊಂಡು ಮೆಲ್ಲಗೆ ಹಿಂದಕ್ಕೆ ಬಂತು. "ಒಳಗೆ ಗಾಳಿ ಇದೆ" ಎಂದಳು ಪುಟ್ಟಿ. "ಇನ್ನೊಂದ್ಸಲ, ಮಾವ."